ಕರೆದಾಗ ಬರುವ ಬ್ರದರ್

ಕೆ.ಆರ್. ಪೇಟೆಯ ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತಿದ್ದ ಹೆಂಗಸು ನನ್ನ ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿ, "ಯಾರ್ದಪ್ಪ ಇದು? ಅಕ್ಕಂದಾ, ತಂಗೀದಾ?" ಎಂದು ಕೇಳಿದರು.

"ನಂದೇ ಮೇಡಂ."

"ನೀನಾ ನರ್ಸು?" ಎಂದು ಅವರು ಒಳಗೆ ತಿರುಗಿ, "ಬನ್ರೇ ಇಲ್ಲಿ, ಗಂಡ್ ನರ್ಸ್ ಬಂದವ್ರೆ" ಎಂದು ಕೂಗಿದರು. ಇಬ್ಬರು ಹುಡುಗಿಯರು ಬಾಗಿಲಲ್ಲಿ ಇಣುಕಿ, ನಕ್ಕು, ಓಡಿಹೋದರು. ಅದು ಕೆಟ್ಟ ನಗುವಾಗಿರಲಿಲ್ಲ. ಸೀರೆ ಉಟ್ಟ ಗಂಡಸನ್ನು ನಾಟಕದಲ್ಲಿ ನೋಡಿದಾಗ ಬರುವಂಥ ನಗು. ಆ ಹೆಂಗಸು ಅರ್ಜಿಯನ್ನು ನನ್ನ ಕಡೆ ತಳ್ಳಿ, "ಇಲ್ಲಿಗೆ ಬರೋರೆಲ್ಲ ಹೆರಿಗೆಯೋರು ಕಣಪ್ಪ. ನಿನ್ನ ಎಲ್ಲಿ ಬುಡಾನ ನಾವು?" ಎಂದರು.

ಅದು ಜೂನ್ ತಿಂಗಳು. ದಿನಚರಿಯ ಆ ಪುಟದಲ್ಲಿ "ಒಂಬತ್ತನೆಯದು. ಇಲ್ಲ" ಎಂದಷ್ಟೇ ಇದೆ. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ ನೋಂದಣಿ ಮಾಡಿಸಿಕೊಂಡ ಮೇಲೆ ನಾನು ತಟ್ಟಿದ ಬಾಗಿಲುಗಳನ್ನು ಹಾಗೆ ಸಂಖ್ಯೆ ಹಾಕಿ ಬರೆಯುತ್ತಿದ್ದೆ. ಬರೆದಿಡುವ ಅಭ್ಯಾಸ ಕಾಲೇಜಿನದು. ರೋಗಿಯ ಒಳಗೆ ಎಷ್ಟು ನೀರು ಹೋಯಿತು, ಎಷ್ಟು ಹೊರಗೆ ಬಂತು, ಎಷ್ಟು ಹೊತ್ತಿಗೆ ಯಾರು ನೋಡಿದರು ಎಂಬುದನ್ನು ಬರೆಯದೆ ವಾರ್ಡಿನಿಂದ ಹೊರಗೆ ಕಾಲಿಡುವಂತಿರಲಿಲ್ಲ. ಈಗ ವಾರ್ಡಿಲ್ಲ, ರೋಗಿಯಿಲ್ಲ. ಕೈ ಸುಮ್ಮನಿರದೆ ನನ್ನನ್ನೇ ಬರೆಯುತ್ತಿತ್ತು.

ನನಗೆ ಬೇಕಾಗಿದ್ದದ್ದು ಒಂದೇ. ಮೈಸೂರಿನ ದೊಡ್ಡ ಆಸ್ಪತ್ರೆಗಳು ಗಂಡು ನರ್ಸುಗಳನ್ನು ತೆಗೆದುಕೊಳ್ಳುತ್ತವೆ. ಆದರೆ ಒಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ ಅನುಭವದ ಪತ್ರ ಕೇಳುತ್ತವೆ. ಆ ಪತ್ರ ಕೊಡಬೇಕಾದದ್ದು ಊರ ಕಡೆಯ ಸಣ್ಣ ನರ್ಸಿಂಗ್ ಹೋಮುಗಳು. ಅವುಗಳಲ್ಲಿ ಹೆಚ್ಚಿನವು ಹೆರಿಗೆಯಿಂದಲೇ ಬದುಕುವಂಥವು. ಹೆರಿಗೆಯ ಕೋಣೆಗೆ ಗಂಡು ನರ್ಸನ್ನು ಯಾರೂ ಬಿಡುವುದಿಲ್ಲ. ನಾನು ಬಿಡಿ ಎಂದು ಕೇಳುವುದೂ ತಪ್ಪಾಗುತ್ತಿತ್ತು. ಹಾಗಾಗಿ ತಪ್ಪು ಯಾರದೂ ಅಲ್ಲದ ಒಂದು ಬಾಗಿಲ ಮುಂದೆ ನಾನು ನಿಂತಿದ್ದೆ.

ಮನೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಗಿತ್ತು. ನಮ್ಮದು ಅರಕೆರೆಗೆ ಸೇರಿದಂತಿರುವ ಸಣ್ಣ ಊರು. ಅಮ್ಮನ ಅಣ್ಣ ಅರಕೆರೆಯಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಪಕ್ಕಕ್ಕೆ ರಸ್ತೆಗೆ ಮುಖ ಮಾಡಿದ ಅವನದೇ ಒಂದು ರೂಮು ಖಾಲಿ ಇತ್ತು. ನಾನು ಕೆ.ಆರ್. ಪೇಟೆಯಿಂದ ಬರಿಗೈಲಿ ಬಂದ ದಿನವೇ ಮಾವ ಮನೆಗೆ ಬಂದು ಜಗುಲಿಯ ಮೇಲೆ ಕೂತ.

"ಲೇ ಅಳಿಯಾ, ಒಂದು ಮೇಜು, ಒಂದು ಮಂಚ, ಒಂದು ಪರದೆ. ಇನ್ನೇನ್ ಬೇಕ್ಲಾ ನಿಂಗೆ? ಜರ ಅಂದ್ರೆ ಒಂದ್ ಸೂಜಿ. ಸುಸ್ತು ಅಂದ್ರೆ ಒಂದ್ ಬಾಟ್ಲಿ. ರೂಮು ನಂದೇ ಐತೆ, ಬಾಡ್ಗೆ ಬ್ಯಾಡ."

"ನಾನು ಡಾಕ್ಟ್ರಲ್ಲ ಮಾವ."

"ಡಾಕ್ಟ್ರು ಅಂತ ನೀನ್ ಎಲ್ಲಿ ಯೋಳ್ಕತೀಯ? ಜನ ಅಂತಾರೆ. ಜನ ಅಂದ್ರೆ ನೀನೇನ್ ಮಾಡಕಾಯ್ತದೆ?"

"ಕೇಸಾಯ್ತದೆ ಮಾವ."

"ಏನ್ ಕೇಸು! ನಾನು ದಿನಾ ಜನಕ್ಕೆ ಬತ್ತದ ರೋಗಕ್ಕೆ ಔಸ್ದಿ ಯೋಳಿ ಕಳುಸ್ತೀನಿ. ನಾನೇನ್ ಓದಿವ್ನಾ? ನನ್ ಮ್ಯಾಲೆ ಯಾವ ಕೇಸಾಗದೆ?"

"ಬತ್ತ ಹೋಗಿ ಕಂಪ್ಲೇಂಟ್ ಕೊಡಲ್ವಲ್ಲ ಮಾವ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾವ ನಗಲಿಲ್ಲ. "ದೀಪಾವಳಿಗಂಟ ಕಾಯ್ತೀನಿ. ಆಮ್ಯಾಕೆ ಆ ರೂಮ್ ಕೊಟ್ಬುಡ್ತೀನಿ, ಕೇಳೋರು ಬೇಜಾನ್ ಅವ್ರೆ" ಎಂದು ಎದ್ದು ಹೋದ. ಅಮ್ಮನ ನಗುವೂ ಅವನ ಹಿಂದೆಯೇ ಹೋಯಿತು. ಒಳಗೆ ಪಾತ್ರೆ ಇಡುತ್ತಾ, "ಅವ್ನ್ ಯೋಳದೂ ಸುಳ್ಳಲ್ಲ ಮಗ" ಎಂದಳು. ಮಾವ ಒಳ್ಳೆಯವನು. ಅದೇ ಕಷ್ಟ. ಕೆಟ್ಟದ್ದಕ್ಕೆ ಕರೆಯುವವನು ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಿತ್ತು.

ಹತ್ತನೆಯ ಬಾಗಿಲು ಪಾಂಡವಪುರದ್ದು. ಇದು ಹೆರಿಗೆಯ ಮನೆಯಲ್ಲ. ಶಸ್ತ್ರಚಿಕಿತ್ಸೆ ಮಾಡುವ ಒಬ್ಬ ವಯಸ್ಸಾದ ಡಾಕ್ಟರು ನಡೆಸುತ್ತಿದ್ದ ಎರಡು ಮಹಡಿಯ ಆಸ್ಪತ್ರೆ. ನಾನು ಒಳಗೆ ಹೋದಾಗ ಬೆಳಗಿನ ಹತ್ತು ಗಂಟೆ ಇರಬಹುದು. ಪರದೆಯ ಹಿಂದೆ ಯಾರೋ ಮುದುಕ "ಅಯ್ಯೋ, ಸಾಯ್ಸ್ಬುಡ್ರವ್ವಾ ನನ್ನ" ಎಂದು ಅಳುತ್ತಿದ್ದ. ಹಿಂದಿನ ದಿನದಿಂದ ಮೂತ್ರ ಕಟ್ಟಿತ್ತು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು. ಡಾಕ್ಟರು ಆಪರೇಷನ್ ನಡುವೆ ಇದ್ದರು. ಮೂತ್ರ ಇಳಿಸುವ ಪೈಪು ಹಾಕಲು ಹೋದ ಹುಡುಗಿಯನ್ನು ಮುದುಕ, "ನನ್ ಮೊಮ್ಮಗಳಂಗಿದ್ದೀಯ, ಮುಟ್ಬ್ಯಾಡ, ಯಾರಾದ್ರೂ ಗಂಡ್ಸನ್ನ ಕರಿ" ಎಂದು ಪಂಚೆ ಬಿಗಿಹಿಡಿದು ಬೈಯುತ್ತಿದ್ದ. ಪೈಪು ಹಾಕುತ್ತಿದ್ದ ಆಸ್ಪತ್ರೆಯ ಹಳೆಯ ಆಳು ಕೆಲಸ ಬಿಟ್ಟು ಹೋಗಿ ವಾರವಾಗಿತ್ತು.

ನಾನು ಅರ್ಜಿಯ ಕವರನ್ನು ಬೆಂಚಿನ ಮೇಲಿಟ್ಟು, "ನಾನು ನರ್ಸು" ಎಂದೆ. ಆ ಹುಡುಗಿ ಒಳಗೆ ಓಡಿ ಡಾಕ್ಟರನ್ನು ಕೇಳಿ ಬಂದಳು. "ಕೈ ತೊಳ್ಕೋಬೇಕಂತೆ ಬ್ರದರ್."

ಆಸ್ಪತ್ರೆಗಳಲ್ಲಿ ಗಂಡು ನರ್ಸನ್ನು ಬ್ರದರ್ ಎನ್ನುತ್ತಾರೆ. ಕಾಲೇಜು ಮುಗಿದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಮುದುಕನಿಗೆ ಹೇಳಿದೆ: "ತಾತ, ದೊಡ್ಡದಾಗಿ ಉಸ್ರು ಎಳ್ಕೊ. ನಿಮ್ಮೂರ್ ಯಾವ್ದು?" "ತೊಣ್ಣೂರು" ಎಂದ. "ಕೆರೆ ತುಂಬಿದ್ಯಾ ತಾತ?" ಎಂದೆ. "ಕೆರೆ ಮನೆ ಹಾಳಾಗ, ನಂದ್ ತುಂಬಿರದ ನೋಡ್ಲಾ ಮೊದ್ಲು" ಎಂದ. ಆ ಮಾತಿಗೆ ಅವನೇ ನಕ್ಕುಬಿಟ್ಟ. ನಕ್ಕಾಗ ಮೈ ಸಡಿಲವಾಗಿ ಪೈಪು ಒಳಗೆ ಹೋಯಿತು. ಚೀಲ ತುಂಬತೊಡಗಿದಾಗ ಅವನ ಮುಖದಿಂದ ನೋವು ಇಳಿಯುವುದನ್ನು ನೋಡುತ್ತಾ ನಿಂತೆ. ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡ. ಸುಮಾರು ಹೊತ್ತು ಬಿಡಲಿಲ್ಲ.

ಆಮೇಲೆ ಡಾಕ್ಟರು ನನ್ನ ಅರ್ಜಿ ನೋಡಿದರು. "ಕೈ ಚೆನ್ನಾಗಿದೆ. ಮೇಲಿನ ಮಹಡಿಯಲ್ಲಿ ಗಂಡಸರ ವಾರ್ಡು ಮಾಡಬೇಕು ಅಂತಿದ್ದೀನಿ. ಮಾಡಿದರೆ ನೀನೇ. ಅಲ್ಲಿ ತನಕ ನಂಬರ್ ಕೊಟ್ಟು ಹೋಗು, ಕರೆದಾಗ ಬಾ" ಎಂದರು. ದಿನಚರಿಯಲ್ಲಿ ಹತ್ತನೆಯ ಸಂಖ್ಯೆಯ ಮುಂದೆ ನಾನು "ಇಲ್ಲ" ಎಂದು ಬರೆಯಲಿಲ್ಲ. ಜಾಗ ಖಾಲಿ ಬಿಟ್ಟೆ.

ಅವರು ಕರೆದರು. ನಾನು ಹೋದೆ. ಮುಂದಿನ ತಿಂಗಳು ನಾಗಮಂಗಲದ ಒಂದು ಆಸ್ಪತ್ರೆಯಿಂದ ಫೋನು ಬಂತು. "ಪಾಂಡವಪುರದಲ್ಲಿ ಪೈಪ್ ಹಾಕೋ ಬ್ರದರ್ ನೀವೇನಾ?" ಅದಾದ ಮೇಲೆ ಕೆ.ಆರ್. ಪೇಟೆಯಿಂದ. ಹೆರಿಗೆಯೋರೇ ಬರುವುದೆಂದು ಅರ್ಜಿ ವಾಪಸು ತಳ್ಳಿದ್ದ ಅದೇ ಮನೆ. ಹೆರಿಗೆಯೋರ ಮಾವಂದಿರಿಗೂ ವಯಸ್ಸಾಗುತ್ತದೆ ಎಂಬುದು ಆಗ ಅವರಿಗೂ ನನಗೂ ಹೊಳೆದಿರಲಿಲ್ಲ. ಆಪರೇಷನ್ನಿಗೆ ಮೊದಲು ಗಂಡಸರ ಕೂದಲು ತೆಗೆಯುವುದು, ಎನಿಮಾ ಕೊಡುವುದು, ಪೈಪು ಹಾಕುವುದು, ತೆಗೆಯುವುದು, ಇವಿಷ್ಟೇ ನನ್ನ ಪಾಲಿನ ನರ್ಸಿಂಗ್. ಕೆಲಸವಾದ ಮೇಲೆ ಕೈಗೆ ಏನೋ ಕೊಟ್ಟು ಕಳಿಸುತ್ತಿದ್ದರು. ರಕ್ತನಾಳ ಹುಡುಕಿ ಸೂಜಿ ಹಾಕುವ ಕೆಲಸ ಐದು ತಿಂಗಳಲ್ಲಿ ಒಮ್ಮೆಯೂ ಸಿಗಲಿಲ್ಲ. ಅದು ಅಲ್ಲಿನ ಸಿಸ್ಟರುಗಳದು. ಕಾಲೇಜಿನಲ್ಲಿ ನನ್ನ ಕೈ ಅದರಲ್ಲಿ ಒಳ್ಳೆಯದಿತ್ತು. ಈಗ ಬಸ್ಸಿನಲ್ಲಿ ಕೂತಾಗ ಎದುರಿನ ಕಂಬಿ ಹಿಡಿದವರ ಮುಂಗೈ ನರಗಳನ್ನು ನೋಡುತ್ತಾ ಎಲ್ಲಿ ಚುಚ್ಚಬಹುದೆಂದು ಯೋಚಿಸುವುದು ಚಾಳಿಯಾಯಿತು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಒಂದು ದಿನ ನಾಗಮಂಗಲದ ಬಸ್ಸಿನಲ್ಲಿ ಸುತ್ತಲೂ ಹೆಂಗಸರ ನಡುವೆ ನಾನೊಬ್ಬನೇ ದುಡ್ಡು ಚಾಚಿದಾಗ ಕಂಡಕ್ಟರು, "ಗಂಡ್ಸಾಗ್ ಉಟ್ಟಿದ್ಕೆ ದಂಡ ಕಟ್ಟಪ್ಪ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದ ಅಜ್ಜಿ, "ಏನ್ ಕೆಲ್ಸ ಮಗ ನಿಂದು?" ಎಂದಳು. ಆಸ್ಪತ್ರೆ ಕೆಲಸ ಎಂದೆ. "ಕಾಯಂ ಆಗದಾ?" ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಕಬ್ಬಿನ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು.

ಮನೆಯಲ್ಲಿ ನಾನು ಪೈಪಿನ ವಿಷಯ ಹೇಳಿರಲಿಲ್ಲ. ಪಾಂಡವಪುರದ ಆಸ್ಪತ್ರೆಯಲ್ಲಿ ಮಾತಾಗಿದೆ, ವಾರ್ಡು ಶುರುವಾಗಬೇಕು ಎಂದಷ್ಟೇ ಹೇಳಿದ್ದೆ. ಮಾವ ಸಿಕ್ಕಾಗಲೆಲ್ಲ "ಏನ್ಲಾ, ನಿನ್ ವಾರ್ಡು ಉಟ್ತಾ, ಇನ್ನೂ ಬಸ್ರಾ?" ಎಂದು ಚುಚ್ಚುತ್ತಿದ್ದ.

ದೀಪಾವಳಿಗೆ ಇನ್ನೆರಡು ವಾರವಿದ್ದಾಗ ಅತ್ತೆ ಬೆಳಿಗ್ಗೆಯೇ ಫೋನು ಮಾಡಿದಳು. ಮಾವನಿಗೆ ಹೊಟ್ಟೆನೋವು, ಏನೂ ಹೇಳುತ್ತಿಲ್ಲ, ಕೂರುತ್ತಾನೆ ಏಳುತ್ತಾನೆ. ನಾನು ಹೋಗಿ ನೋಡಿದ ಕೂಡಲೇ ಗೊತ್ತಾಯಿತು. ಆ ರೀತಿ ಬಗ್ಗಿ ನಿಲ್ಲುವವರನ್ನು ಅಷ್ಟರಲ್ಲಿ ಬಹಳ ನೋಡಿದ್ದೆ. "ಮಾವ, ಒಂದಕ್ಕೆ ಆಯ್ತಾ?" ಎಂದರೆ, "ನಿಂಗ್ಯಾಕ್ಲಾ ಅದೆಲ್ಲ, ಗಾಡಿ ಕರಿ" ಎಂದು ಗದರಿದ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಪಾಂಡವಪುರದವರೆಗೂ ಹಿಂದೆ ತಿರುಗಲಿಲ್ಲ. ಗುಂಡಿ ಬಂದಾಗೆಲ್ಲ ಡ್ರೈವರನ ಇಡೀ ವಂಶಕ್ಕೆ ಬೈದ.

ಕೌಂಟರಿನಲ್ಲಿದ್ದ ಸಿಸ್ಟರು ಹೊಸಬಳು. ನನ್ನ ಮುಖ ಅವಳಿಗೆ ಪರಿಚಯವಿರಲಿಲ್ಲ. ಮಾವ ಅವಳ ಕಡೆ ಬಗ್ಗಿ ಪಿಸುಗುಟ್ಟಿದ. ಅವಳು ಡಾಕ್ಟರಿಗೆ ಫೋನು ಮಾಡಿದಳು. ಅವರು ಮೈಸೂರಿಗೆ ಹೋಗಿದ್ದರು. ಬರುವುದು ಮಧ್ಯಾಹ್ನ, ಅಲ್ಲಿವರೆಗೆ ಕಾಯಿಸಬೇಡಿ, ಪೈಪು ಹಾಕಿಸಿ ಎಂದರಂತೆ.

ನಾನು ಮುಂದೆ ಬಂದು, "ನಾನ್ ಆಕ್ತೀನಿ ಮಾವ" ಎಂದೆ.

ಮಾವ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. "ಇವ್ನ್ ಬ್ಯಾಡ" ಎಂದು ಸಿಸ್ಟರಿಗೆ ಹೇಳಿದ. "ಇವ್ನು ನನ್ ತಂಗಿ ಮಗ. ನನ್ ಹೆಗಲ ಮ್ಯಾಲೆ ಕೂತು ಬೆಳ್ದೋನು. ಬ್ಯಾರೆ ಯಾರಾದ್ರೂ ಗಂಡ್ಸನ್ನ ಕರ್ಸವ್ವ."

"ಒಬ್ರವ್ರೆ ಯಜಮಾನ್ರೇ, ಹೊರಗಡೆಯಿಂದ ಬರ್ತಾರೆ. ಫೋನ್ ಮಾಡ್ತೀನಿ" ಎಂದು ಅವಳು ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ ನಂಬರು ಒತ್ತಿದಳು.

ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಅದು ಹಾಗೇ ಬಡಿದುಕೊಳ್ಳುತ್ತಿತ್ತು. ಮಾವ ಮೊದಲು ನನ್ನ ಜೇಬನ್ನು, ಆಮೇಲೆ ಗೋಡೆಯ ಚೀಟಿಯನ್ನು ನೋಡಿದ. "ನೀನೇ ಏನ್ಲಾ ಅದು?" ಎಂದ. ಹೌದು ಎಂದೆ. "ಈ ಪಾಂಡವಪುರಕ್ಕೆಲ್ಲ ನೀನೊಬ್ನೇನಾ?" "ನಾಗಮಂಗ್ಲ, ಕೆ.ಆರ್. ಪೇಟೆಗೂ ನಾನೇ ಮಾವ." ಅಷ್ಟರಲ್ಲಿ ನೋವು ಬಂದು ಮೇಜು ಹಿಡಿದುಕೊಂಡ. "ಥೂ, ನನ್ ಕರ್ಮ. ಬಾ ಅತ್ಲಾಗೆ. ಆದ್ರೆ ಊರಲ್ಲಿ ಬಾಯ್ ಬುಟ್ರೆ ಚರ್ಮ ಸುಲ್ದ್ಬುಡ್ತೀನಿ."

ಪರದೆಯ ಹಿಂದೆ ಅವನು ತೋಳಿನಿಂದ ಕಣ್ಣು ಮುಚ್ಚಿಕೊಂಡ. ಉಸಿರು ಎಳೆದುಕೋ ಎಂದೆ, ಎಳೆದುಕೊಂಡ. ತೊಣ್ಣೂರಿನ ತಾತನ ಹತ್ತಿರ ಆಡಿದಂಥ ಮಾತು ಯಾವುದೂ ನನಗೆ ಆಡಲಾಗಲಿಲ್ಲ. ಎಲ್ಲ ಮುಗಿದು ಚೀಲ ತುಂಬುವಾಗ ತೋಳಿನ ಕೆಳಗಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು. ಮುಖ ತೆರೆಯದೆಯೇ, "ಓದಿದ್ದು ಇದ್ನೇ ಏನ್ಲಾ?" ಎಂದ. ಇದೂ ಒಂದು ಎಂದೆ. "ಒಳ್ಳೇದೇ ಓದಿದ್ದೀಯ ಬುಡು" ಎಂದ.

ಅವನು ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೂರನೆಯ ದಿನ ಮನೆಗೆ ಬಂದು ಅಮ್ಮನ ಮುಂದೆ, "ನಿನ್ ಮಗಂಗೆ ಪಾಂಡವಪುರದಲ್ಲಿ ಒಳ್ಳೆ ಕೆಲ್ಸ ಐತೆ ಕಣವ್ವ. ಗೋಡೆ ಮ್ಯಾಲೆ ನಂಬರ್ ಬರ್ಕಂಡವ್ರೆ. ಇವ್ನಿಲ್ದಿದ್ರೆ ಮೂರು ತಾಲೂಕು ನಡೆಯಾಕಿಲ್ಲ. ನಾನ್ ಸುಮ್ನೆ ಸೂಜಿ ಬಾಟ್ಲಿ ಅಂತಿದ್ನಲ್ಲ. ರೂಮು ಆ ಮೊಬೈಲ್ ಅಂಗ್ಡಿ ಹುಡುಗ್ನಿಗೆ ಕೊಟ್ಬುಟ್ಟೆ" ಎಂದ. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಯಾವ ಕೆಲಸ ಎಂದು ಅವಳು ಕೇಳಲಿಲ್ಲ, ಮಾವನೂ ಹೇಳಲಿಲ್ಲ. ಊರಿನಲ್ಲಿ ನನಗೆ ಕೆಲಸ ಸಿಕ್ಕ ಸುದ್ದಿ ಎರಡು ದಿನದಲ್ಲಿ ಹರಡಿತು. ನನಗೆ ಬೇಡವಾಗಿದ್ದ ರೂಮು ಅದು. ಆದರೂ ಅದು ಹೋದ ದಿನ ಬೆನ್ನ ಹಿಂದಿನ ಗೋಡೆ ಬಿದ್ದಂತಾಯಿತು. ಇಲ್ಲದ ಕೆಲಸಕ್ಕೆ ಈಗ ಹೋಗಲೇಬೇಕಾಗಿತ್ತು. ಅಮ್ಮ ಬುತ್ತಿ ಕಟ್ಟಿಕೊಡುತ್ತಿದ್ದಳು. ಫೋನು ಬಾರದ ದಿನ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಕೂತು ಅದನ್ನು ತಿಂದು ಬರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಡಾಕ್ಟರನ್ನು ನೇರವಾಗಿ ಕೇಳುವುದೆಂದು ನಿರ್ಧರಿಸಿದೆ. ಹಿಂದಿನ ರಾತ್ರಿ ದಿನಚರಿಯಿಂದ ಲೆಕ್ಕ ತೆಗೆದು ಒಂದು ಹಾಳೆಯಲ್ಲಿ ಚೆನ್ನಾಗಿ ಬರೆದೆ. ಬಂದ ರೋಗಿಗಳು, ಮಾಡಿದ ಕೆಲಸ, ಒಂದೇ ಸಲಕ್ಕೆ ಆದವು, ತೊಂದರೆಯಾದವು. ತೊಂದರೆಯಾದದ್ದು ಒಂದೂ ಇರಲಿಲ್ಲ. ಇದನ್ನು ನೋಡಿದರೆ ಯಾರೂ ಇಲ್ಲ ಎನ್ನಲಾರರು ಎಂದು ನನಗೆ ಅನ್ನಿಸಿತ್ತು.

ಡಾಕ್ಟರು ಹಾಳೆಯನ್ನು ನಿಜವಾಗಿಯೂ ಓದಿದರು. ಕನ್ನಡಕ ತೆಗೆದು, "ಎಷ್ಟು ನೀಟಾಗಿ ಬರೆದಿದ್ದೀಯಪ್ಪ" ಎಂದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಮ್ಮಲ್ಲಿ ಐದು ತಿಂಗಳಿಗೆ ಹತ್ತೊಂಬತ್ತು. ಅಂದರೆ ವಾರಕ್ಕೆ ಒಂದೂ ಇಲ್ಲ. ನೀನೇ ಹೇಳು, ವಾರಕ್ಕೊಂದು ಕೆಲಸಕ್ಕೆ ನಾನು ಒಬ್ಬ ಮನುಷ್ಯನನ್ನ ಹೇಗೆ ಇಟ್ಕೊಳ್ಳಲಿ?"

"ಬೇರೆ ಕೆಲಸಾನೂ ಮಾಡ್ತೀನಿ ಸಾರ್. ಡ್ರಿಪ್ಪು, ಇಂಜೆಕ್ಷನ್ನು, ನೈಟ್ ಡ್ಯೂಟಿ..."

"ಅದಕ್ಕೆ ಹುಡುಗಿಯರಿದ್ದಾರೆ. ಅವರನ್ನ ತೆಗೆದು ನಿನ್ನ ಹಾಕಲಾ?"

ಗಂಡಸರ ವಾರ್ಡು ಎಂದೆ. ಅವರು ಎದ್ದು ನನ್ನನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಮುಚ್ಚಿಡುವ ಮನುಷ್ಯನಲ್ಲ ಅವರು. ವಾರ್ಡಾಗಬೇಕಿದ್ದ ಕೋಣೆಗೆ ಹೊಸ ಬಣ್ಣ ಬಳಿದು ನಡುವೆ ಸ್ಕ್ಯಾನಿಂಗ್ ಯಂತ್ರ ಇಟ್ಟಿದ್ದರು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. "ಈ ಕಡೆಯ ಬಸುರಿಯರೆಲ್ಲ ಸ್ಕ್ಯಾನಿಂಗಿಗೆ ಮೈಸೂರಿಗೆ ಹೋಗ್ತಿದ್ರು. ಇನ್ನು ಇಲ್ಲೇ ಆಗುತ್ತೆ" ಎಂದರು.

"ಒಂದು ಅನುಭವದ ಪತ್ರನಾದ್ರೂ ಕೊಡಿ ಸಾರ್."

"ಸ್ಟಾಫೇ ಅಲ್ಲದವನಿಗೆ ವರ್ಷ ವಾರ್ಡಿನಲ್ಲಿದ್ದ ಅಂತ ಹೇಗೆ ಬರೆಯಲಿ? ಸುಳ್ಳು ಪತ್ರ ಆಗುತ್ತಲ್ಲಪ್ಪ." ನನ್ನ ಭುಜ ತಟ್ಟಿದರು. "ಫೋನ್ ಮಾತ್ರ ಆಫ್ ಮಾಡಬೇಡ."

"ನಾನು ಡಾಕ್ಟ್ರಲ್ಲ" ಎಂದು ಮಾವನಿಗೆ ನಾನು ಹೇಳಿದ ದನಿಯಲ್ಲೇ ಅವರು ಇದನ್ನು ಹೇಳಿದ್ದರು. ಸುಳ್ಳು ಬೇಡ ಎಂದು ನಾನೇ ಹಿಡಿದಿದ್ದ ಹಟ ಅವರ ಬಾಯಲ್ಲಿ ಬಂದಾಗ ಜಗಳವಾಡಲು ಜಾಗವೇ ಇರಲಿಲ್ಲ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದೆ.

ಬರುವಾಗ ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ಇನ್ನು ಮುಂದೆ ಯಾವ ಆಸ್ಪತ್ರೆ ಕರೆದರೂ ಮೊದಲು ಕೇಳುವುದು: ನನ್ನನ್ನು ವಾರಕ್ಕೆ ಮೂರು ದಿನವಾದರೂ ಡ್ಯೂಟಿಗೆ ಹಾಕಿಕೊಂಡು, ವರ್ಷ ತುಂಬಿದ ಮೇಲೆ ಪತ್ರ ಕೊಡುತ್ತೀರಾ? ಆಗುತ್ತದೆ ಎಂದರೆ ಬರುತ್ತೇನೆ. ಇಲ್ಲವಾದರೆ ಇಲ್ಲ. ಅವರಿಗೂ ನಾನು ಬೇಕು, ಬೇರೆ ಯಾರೂ ಇಲ್ಲ. ನನ್ನ ಕೈಯಲ್ಲಿ ಉಳಿದಿದ್ದದ್ದು ಅದೊಂದೇ.

ಭಾನುವಾರ ಮಾವ ಬಾಡು ತಂದಿದ್ದ. ಅಮ್ಮ ಖಾರ ಅರೆಯುತ್ತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಕೆ.ಆರ್. ಪೇಟೆಯಿಂದ ಫೋನು ಬಂತು.

"ಬ್ರದರ್, ಬೇಗ ಬನ್ನಿ. ರಾತ್ರಿಯಿಂದ ಕಟ್ಕೊಂಡದೆ ಒಬ್ರಿಗೆ. ಡಾಕ್ಟ್ರು ಮದ್ವೆಗೋಗವ್ರೆ."

ನಾನು ಅಂಗಳಕ್ಕೆ ಹೋಗಿ, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನು ಒಂದೊಂದಾಗಿ ಹೇಳಿದೆ. ಡ್ಯೂಟಿ, ಮೂರು ದಿನ, ಪತ್ರ. ಡಾಕ್ಟರು ಒಪ್ಪಿಕೊಂಡು ನನಗೆ ಒಂದು ಮಾತು ಫೋನಿನಲ್ಲಿ ಹೇಳಿದರೆ ಈಗಲೇ ಹೊರಡುತ್ತೇನೆ ಎಂದೆ.

"ಯಾವ ಪತ್ರ ಬ್ರದರ್? ನಂಗೇನ್ ಗೊತ್ತು ಅದೆಲ್ಲ? ಡಾಕ್ಟ್ರು ಫೋನ್ ಎತ್ತಲ್ಲ ಈಗ." ಅವಳ ಮಾತಿನ ಹಿಂದೆ ಯಾರೋ ಗಂಡಸು, ದೊಡ್ಡ ದನಿಯವನು, ಮಗುವಿನಂತೆ ನರಳುತ್ತಿದ್ದ. "ಬತ್ತಾವ್ನೇನವ್ವಾ? ಯೋಳವ್ವಾ, ಬತ್ತಾವ್ನಾ?" ಎಂದು ಅವಳನ್ನು ಕೇಳುತ್ತಿದ್ದ.

ಫೋನಿನ ದನಿ ಜಗುಲಿಯವರೆಗೂ ಕೇಳುತ್ತಿತ್ತು. ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ನಡಿಲಾ."

"ಮಾವ, ಅವ್ರು ಪತ್ರದ್ದು ಏನೂ ಯೋಳ್ತಿಲ್ಲ..."

"ಪತ್ರ ಆಮ್ಯಾಕೆ ಇಸ್ಕೊಂಡ್ರಾಯ್ತು. ರಾತ್ರಿಯಿಂದ ಅಂದ್ಲಲ್ಲ ಆಯಮ್ಮ. ನಿಂಗೊತ್ತಿಲ್ಲ ಕಣ್ಲಾ ಅದು, ನಂಗೊತ್ತು" ಎಂದು ಅವನು ಬೈಕಿನ ಕಿಕ್ಕರ್ ಒದ್ದ. ಅಮ್ಮ ಒಳಗಿನಿಂದ, "ಉಂಡ್ಕಂಡಾದ್ರೂ ಹೋಗ್ರೋ" ಎಂದಳು.

ಅರಕೆರೆಯಲ್ಲಿ ಬಸ್ಸು ಹೊರಡುತ್ತಿತ್ತು. ಮಾವ ಬೈಕನ್ನು ಅಡ್ಡ ನಿಲ್ಲಿಸಿ, "ವಸಿ ಬಿರ್ರನೆ ಕರ್ಕಂಡೋಗಪ್ಪ, ಡ್ಯೂಟಿ ಐತೆ ಇವಂಗೆ" ಎಂದು ಡ್ರೈವರಿಗೆ ಕೂಗಿ ಹೇಳಿದ. ನಾನು ಹತ್ತಿ ಟಿಕೆಟ್ ತೆಗೆದುಕೊಂಡೆ.

ಮುಕ್ಕಾಲು ಗಂಟೆಯ ಮೇಲೆ ಸಿಸ್ಟರು ಮತ್ತೆ ಫೋನು ಮಾಡಿದಳು. "ಎಲ್ಲಿದ್ದೀರಾ ಬ್ರದರ್? ಡಾಕ್ಟ್ರು ಸಿಕ್ಕಿದ್ರು ಈಗ. ಅದೇನೋ ಪತ್ರ ಅಂದ್ರಲ್ಲ, ಏನಂತ ಯೋಳ್ಲಿ ಅವ್ರಿಗೆ?"

ಹಿಂದೆ ಆ ಗಂಡಸಿನ ದನಿ ಇನ್ನೂ ಇತ್ತು.

"ಡಾಕ್ಟ್ರಿಗೆ ಏನೂ ಯೋಳದ್ ಬ್ಯಾಡ ಸಿಸ್ಟರ್" ಎಂದೆ. "ಅಲ್ಲಿ ನರಳ್ತಾವ್ರಲ್ಲ, ಅವ್ರಿಗೆ ಶ್ರೀರಂಗಪಟ್ಣ ದಾಟ್ದೆ ಅನ್ನಿ. ಉಸ್ರು ದೊಡ್ಡದಾಗಿ ಎಳ್ಕೊಳಕೆ ಯೋಳಿ."